ನಾನು ಬದುಕಿದ್ದೇನೆ, ಯಂತ್ರ ಒಪ್ಪುತ್ತಿಲ್ಲ

ಮಾನ್ಯರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಮುಪ್ಪು ಮುಂದೂಡುವ ವಿಜ್ಞಾನದ ಬಗ್ಗೆ ಪುಟ ತುಂಬ ಬರೆದಿದ್ದೀರಿ. ಮನುಷ್ಯ 120 ವರ್ಷ ಬಾಳುವ ಕಾಲ ಹತ್ತಿರ ಬಂತಂತೆ. ಸಂತೋಷ. ನನಗೀಗ 74. ಇಷ್ಟು ವರ್ಷ ಬದುಕಿದ್ದನ್ನೇ ಸಾಬೀತು ಮಾಡಲಾಗದೆ ಸೋಮವಾರದಿಂದ ಅಲೆಯುತ್ತಿದ್ದೇನೆ.

ವಾಟರ್ ಟ್ಯಾಂಕ್ ರಸ್ತೆಯ ನಮ್ಮ ಬ್ಯಾಂಕಿನ ಪಾಡು ಎಲ್ಲರಿಗೂ ಗೊತ್ತಿದ್ದದ್ದೇ. ನವೆಂಬರ್ ಬಂದರೆ ಪಿಂಚಣಿದಾರರು ಲೈಫ್ ಸರ್ಟಿಫಿಕೇಟ್ ಕೊಡಬೇಕು. ಬಲ ಹೆಬ್ಬೆರಳಿಟ್ಟೆ, ಕೆಂಪು ದೀಪ. ಎಡ ಹೆಬ್ಬೆರಳು, ಕೆಂಪು. ಒದ್ದೆ ಬಟ್ಟೆಯಲ್ಲಿ ಒರೆಸಿ, ಪಕ್ಕದವರು ಕೊಟ್ಟ ವ್ಯಾಸಲೀನ್ ಸವರಿ ಉಳಿದ ಬೆರಳುಗಳನ್ನೂ ಒತ್ತಿದ್ದಾಯಿತು. ವಯಸ್ಸಾದಂತೆ ಚರ್ಮ ತೆಳುವಾಗಿ ಒಣಗುತ್ತದೆ, ಬೆರಳ ಗೆರೆಗಳು ಸವೆಯುತ್ತವೆ. ನಾನೋ 34 ವರ್ಷ ಸೀಮೆಸುಣ್ಣ ಹಿಡಿದವನು. ಕೌಂಟರಿನ ಹುಡುಗಿಗೆ ಇದನ್ನೇ ವಿವರಿಸಿದೆ. ‘ನಂಗೊತ್ತು ತಾತ, ಮೆಷಿನ್‌ಗೆ ಗೊತ್ತಾಗ್ಬೇಕಲ್ಲ’ ಎಂದಳು. ಪಾಪ, ಅವಳ ತಪ್ಪೇನೂ ಇಲ್ಲ.

ಮರುದಿನ ಮೊಬೈಲ್ ಹಿಡಿದು ಮುಖ ತೋರಿಸಿ ಎಂದರು. ‘ಕಣ್ಣು ಮಿಟುಕಿಸಿ ತಾತ.’ ಪೊರೆ ತೆಗೆಸಿದ ಕಣ್ಣು, ನೀರು ಸುರಿಯುತ್ತಿದೆ, ಮಿಟುಕಿಸಿದ್ದೇ ಮಿಟುಕಿಸಿದ್ದು. ಅಷ್ಟರಲ್ಲಿ ಸರ್ವರ್ ಡೌನ್. ಬುಧವಾರವೂ ಡೌನ್. ಇಂದು ಗುರುವಾರ, ಆ ಹುಡುಗಿಯೇ ರಜೆ. ಮೂವತ್ತು ಮುದುಕರಿಗೆ ಇರುವುದು ಎರಡು ಕುರ್ಚಿ, ಒಂದರ ಮೇಲೆ ಕೆಟ್ಟ ಪ್ರಿಂಟರ್ ಆಸೀನವಾಗಿದೆ. ಶೌಚಾಲಯ ಸಿಬ್ಬಂದಿಗೆ ಮಾತ್ರವಂತೆ. ಪ್ರಾಸ್ಟೇಟ್ ತೊಂದರೆ ಇರುವವರ ಗತಿ ಏನೆಂದು ಬಿಡಿಸಿ ಹೇಳಬೇಕೆ? ಆಟೋದವನಿಗೆ ನಾಲ್ಕು ದಿನವೂ ಹೋಗಿ ಬರಲು ತಲಾ 160 ರೂಪಾಯಿ.

ಇನ್ನು ನಿಮ್ಮ ವರದಿ. ರ‍್ಯಾಪಮೈಸಿನ್ ಎಂಬ ಔಷಧ ಆಯಸ್ಸು ಹೆಚ್ಚಿಸುತ್ತದೆ ಎಂದು ಬರೆದಿರಿ. ಯಾರ ಆಯಸ್ಸು? 2009ರಲ್ಲಿ ಪ್ರಕಟವಾದ ಆ ಪ್ರಯೋಗ ನಡೆದದ್ದು ಇಲಿಗಳ ಮೇಲೆ. 600 ದಿನ ದಾಟಿದ ಮುದಿ ಇಲಿಗಳಿಗೆ ಕೊಟ್ಟಾಗ ಗಂಡಿಲಿಗಳ ಆಯಸ್ಸು ಸುಮಾರು ಶೇ 9, ಹೆಣ್ಣಿಲಿಗಳದ್ದು ಶೇ 14 ಹೆಚ್ಚಿತು. ಕಿಡ್ನಿ ಕಸಿಯಾದವರಿಗೆ ರೋಗನಿರೋಧಕ ಶಕ್ತಿ ತಗ್ಗಿಸಲು ಕೊಡುವ ಔಷಧವೂ ಅದೇ ಎಂಬ ಒಂದು ಸಾಲು ನಿಮಗೆ ಸಿಗಲಿಲ್ಲವೇ? ಓದಿದವರು ಮೆಡಿಕಲ್ ಸ್ಟೋರಿಗೆ ಓಡಿದರೆ ಯಾರು ಹೊಣೆ? 1993ರಲ್ಲಿ ಅಮೆರಿಕದ ವಿಜ್ಞಾನಿ ಸಿಂಥಿಯಾ ಕೆನ್ಯನ್ ಒಂದೇ ಜೀನ್ ಕೆಡಿಸಿ ಹುಳುವಿನ ಆಯಸ್ಸನ್ನು ಎರಡು ಪಟ್ಟು ಮಾಡಿದ್ದೂ ನಿಜ. ಪುಣ್ಯವಂತ ಹುಳು, ಅದಕ್ಕೆ ಪಿಂಚಣಿ ಇಲ್ಲ.

ಮೆಟ್‌ಫಾರ್ಮಿನ್ ಅಂತೂ ಸಕ್ಕರೆ ಕಾಯಿಲೆಗೆಂದು 16 ವರ್ಷದಿಂದ ನುಂಗುತ್ತಿದ್ದೇನೆ. ಯೌವನ ಬರಲಿಲ್ಲ, ಗ್ಯಾಸ್ ಬಂತು. ಅದು ಮುಪ್ಪನ್ನೂ ತಡೆಯುವುದೇ ಎಂದು 3,000 ಹಿರಿಯರ ಮೇಲೆ ಪರೀಕ್ಷಿಸಲು ಅಮೆರಿಕದ ಸಂಶೋಧಕ ನಿರ್ ಬರ್ಜಿಲಾಯ್ ಯೋಜನೆ ಹಾಕಿ ವರ್ಷಗಳೇ ಕಳೆದವು, ದುಡ್ಡು ಹೊಂದಿಸುವುದರಲ್ಲೇ ಸಾಕಾಗಿದೆ. ಪೇಟೆಂಟ್ ಮುಗಿದ ಅಗ್ಗದ ಮಾತ್ರೆ, ಯಾವ ಕಂಪನಿಗೆ ಬೇಕು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ 2024ರಲ್ಲಿ ದೀರ್ಘಾಯುಷ್ಯದ ಸಂಶೋಧನೆಗೆ ಕೈ ಹಾಕಿದ್ದಾರೆ, ರಕ್ತ ನೋಡಿ ದೇಹದ ನಿಜ ವಯಸ್ಸು ಅಳೆಯುವ ಪ್ರಯತ್ನವೂ ಅದರಲ್ಲಿದೆ. ಮಾಡಲಿ, ಒಳ್ಳೆಯದೇ. ವಯಸ್ಸು ಹೇಗೋ ಇರಲಿ, ಜೀವ ಇದೆಯೋ ಇಲ್ಲವೋ ಎಂಬುದನ್ನು ಅವರೇ ನೋಡಿ ಬ್ಯಾಂಕಿಗೊಂದು ಚೀಟಿ ಬರೆದುಕೊಟ್ಟರೆ ಉಪಕಾರ.

2011ರಲ್ಲಿ ನಿವೃತ್ತನಾದಾಗಲೂ ಇದೇ ಕತೆ. ಗುಮಾಸ್ತರೊಬ್ಬರು ಇನಿಷಿಯಲ್ ತಪ್ಪು ಬರೆದು ಏಳು ತಿಂಗಳು ಪಿಂಚಣಿ ನಿಂತಿತ್ತು. ತಿದ್ದಿಸಲು ಹೋದರೆ ‘ಅವರು ಊಟಕ್ಕೆ ಹೋಗಿದ್ದಾರೆ’. ಏಳು ತಿಂಗಳ ಊಟ! ನಡೆಯಿರಿ, ಆಯಸ್ಸು ಹೆಚ್ಚುತ್ತದೆ ಎಂದು ಡಾಕ್ಟರು ಹೇಳುತ್ತಾರೆ. ಎಲ್ಲಿ ನಡೆಯುವುದು? ಫುಟ್‌ಪಾತಿನ ಮೇಲೆ ಬೀಡಾ ಅಂಗಡಿ, ಟ್ರಾನ್ಸ್‌ಫಾರ್ಮರ್, ಕಾರ್ಪೊರೇಟರ್ ಹುಟ್ಟುಹಬ್ಬದ ಫ್ಲೆಕ್ಸು.

ಬ್ಯಾಂಕಿನವರು ಕುರ್ಚಿ ಹಾಕಿಸಲಿ, ಇಲ್ಲವೇ ಮನೆಗೇ ಬರಲಿ. ನೀವೂ ಇಂಥ ವರದಿ ಹಾಕುವಾಗ ಸ್ವಲ್ಪ ಯೋಚಿಸಿ. ಸಂಬಂಧಪಟ್ಟವರು ಕೂಡಲೇ ಗಮನ ಹರಿಸಬೇಕು. ಸಂಬಂಧಪಟ್ಟವರು ಯಾರು ಎಂದು ಮಾತ್ರ ಕೇಳಬೇಡಿ, 2011ರಿಂದ ನಾನೂ ಹುಡುಕುತ್ತಿದ್ದೇನೆ.

– ನಿವೃತ್ತ ವಿಜ್ಞಾನ ಶಿಕ್ಷಕ, ಮೈಸೂರು