ಕ್ಯಾಮೆರಾ ಇತ್ತು, ಕಳ್ಳನ ಮುಖ ಇರಲಿಲ್ಲ

ಮಾನ್ಯ ಸಂಪಾದಕರೇ,

ಅಡಿಕೆ ಕೊಯ್ಲು ಹತ್ತಿರ ಬಂತೆಂದರೆ ನಮ್ಮ ಪೇಟೆಯ ಅಂಗಡಿಗಳ ಮುಂದೆ ‘ನಾಲ್ಕು ಕ್ಯಾಮೆರಾ, ಜೋಡಣೆ ಉಚಿತ’ ಎಂಬ ಫಲಕಗಳು ಏಳುತ್ತವೆ. ಮೂರು ವರ್ಷದ ಹಿಂದೆ ಅಂಥದೊಂದು ಫಲಕ ನೋಡಿಯೇ ನಾನೂ ಒಳಗೆ ಹೋದೆ. ಈ ವರ್ಷ ಹೋಗುವವರಿಗೆ ನನ್ನ ಅನುಭವ ಉಪಯೋಗಕ್ಕೆ ಬರಲಿ ಎಂದು ಈ ಪತ್ರ.

ನಮ್ಮದು ಎರಡೂವರೆ ಎಕರೆ ತೋಟ. ಬೇಯಿಸಿದ ಅಡಿಕೆಯನ್ನು ಅಂಗಳದ ಅಟ್ಟದ ಮೇಲೆ ಹರವುತ್ತೇವೆ. ಹಿಂದೆ ಅಂಗಳದಲ್ಲಿ ಕಂಬಳಿ ಹೊದ್ದು ಮಲಗಿ ಕಾಯುತ್ತಿದ್ದೆವು. ಈಗ ಮಗ ಬೆಂಗಳೂರಿನಲ್ಲಿದ್ದಾನೆ, ನನಗೆ ಅರವತ್ತಾರು. ಹಾಗಾಗಿ ಕ್ಯಾಮೆರಾ.

ಕಳೆದ ಜನವರಿಯಲ್ಲಿ ಒಣಗಿದ ಅಡಿಕೆಯನ್ನು ಚೀಲಕ್ಕೆ ತುಂಬಿ ತೂಗಿದಾಗ ಲೆಕ್ಕಕ್ಕಿಂತ ಮುಕ್ಕಾಲು ಕ್ವಿಂಟಲ್ ಕಡಿಮೆ ಬಂತು. ಠಾಣೆಯಿಂದ ಬಂದವರು ಕೇಳಿದ ಮೊದಲ ಪ್ರಶ್ನೆ: ‘ಎಷ್ಟು ದಿನದ ರೆಕಾರ್ಡಿಂಗ್ ಉಳಿದಿದೆ, ಯಜಮಾನರೇ?’ ನನಗೆ ಗೊತ್ತಿರಲಿಲ್ಲ. ತೆಗೆದು ನೋಡಿದರೆ ಆರು ದಿನವೂ ತುಂಬಿರಲಿಲ್ಲ. ಅದರ ಹಿಂದಿನದನ್ನೆಲ್ಲ ಯಂತ್ರವೇ ಅಳಿಸಿ ಅದರ ಮೇಲೆ ಹೊಸದನ್ನು ಬರೆದುಕೊಂಡಿತ್ತು.

ಉಳಿದ ದಿನಗಳಲ್ಲಿ ಒಂದು ರಾತ್ರಿ, ಎರಡೂಮುಕ್ಕಾಲರ ಹೊತ್ತಿಗೆ, ಒಂದು ಆಕೃತಿ ಕಂಡಿತು. ಅಟ್ಟದ ಅಂಚಿನಿಂದ ಒಂದಿಷ್ಟು ಬಾಚಿಕೊಂಡು, ಉಳಿದದ್ದನ್ನು ಕೈಯಾಡಿಸಿ ಸಮ ಮಾಡಿ ಹೋಗುತ್ತಾನೆ. ನನ್ನ ಹೆಂಡತಿ ಬೆಳಿಗ್ಗೆ ಅಡಿಕೆ ಹರವುವುದೂ ಹಾಗೆಯೇ. ಅಷ್ಟು ನಾಜೂಕಿನ ಕೆಲಸಗಾರನ ಮುಖ ಮಾತ್ರ ಕಾಣಲಿಲ್ಲ. ಕ್ಯಾಮೆರಾ ಸೂರಿನ ತುದಿಯಲ್ಲಿ, ಹದಿನೈದು ಅಡಿ ಎತ್ತರದಲ್ಲಿತ್ತು. ಅದಕ್ಕೆ ಕಂಡದ್ದು ತಲೆಗೆ ಸುತ್ತಿದ ಟವೆಲ್. ಸಾಲದ್ದಕ್ಕೆ ಗಾಜಿನ ಮುಂದೆ ಜೇಡ ಬಲೆ ಕಟ್ಟಿತ್ತು. ಕತ್ತಲಲ್ಲಿ ನೋಡಲು ಕ್ಯಾಮೆರಾದೊಳಗೇ ಅವಗೆಂಪು (ಇನ್‌ಫ್ರಾರೆಡ್) ದೀಪವಿರುತ್ತದೆ. ಅದರ ಸುತ್ತ ಹುಳ ಸೇರುತ್ತವೆ, ಹುಳಕ್ಕೆ ಜೇಡ ಬರುತ್ತದೆ. ರಾತ್ರಿ ಆ ಬಲೆಯ ಎಳೆಗಳು ಬೆಳ್ಳಗೆ ಹೊಳೆದು ಅರ್ಧ ಚಿತ್ರವನ್ನು ನುಂಗಿದ್ದವು.

ಆಮೇಲೆ ಮಗನನ್ನು ಕೂರಿಸಿಕೊಂಡು ಲೆಕ್ಕ ಹಾಕಿದೆ. ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ಬರೆಯುವ ಒಂದು ಕ್ಯಾಮೆರಾಕ್ಕೆ ದಿನಕ್ಕೆ ಸುಮಾರು 10.8 ಜಿಬಿ ಜಾಗ ಬೇಕು. ನನ್ನ ನಾಲ್ಕು ಕ್ಯಾಮೆರಾಗಳು ತಲಾ 4 ಮೆಗಾಬಿಟ್‌ನಲ್ಲಿ ಬರೆಯುತ್ತಿದ್ದವು, ಅಂದರೆ ದಿನಕ್ಕೆ 170 ಜಿಬಿ ದಾಟುತ್ತಿತ್ತು. 1 ಟಿಬಿ, ಅಂದರೆ ಸಾವಿರ ಜಿಬಿಯ ಡಿಸ್ಕ್ ಆರನೆಯ ದಿನಕ್ಕೆ ಭರ್ತಿ. ದೃಶ್ಯವನ್ನು ಇನ್ನಷ್ಟು ಕುಗ್ಗಿಸಿ ಬರೆಯುವ ಎಚ್.265 ವಿಧಾನದಲ್ಲಿ ಇಷ್ಟೇ ಸ್ಪಷ್ಟತೆಗೆ ಸುಮಾರು ಅರ್ಧ ಜಾಗ ಸಾಕು. ಅದರ ಜೊತೆಗೆ 4 ಟಿಬಿ ಡಿಸ್ಕ್ ಇದ್ದರೆ ಒಂದೂವರೆ ತಿಂಗಳು ಉಳಿಯುತ್ತದೆ. ಅಡಿಕೆ ಬೆಳೆಗಾರನಿಗೆ ಬೇಕಾದದ್ದು ಅಷ್ಟು. ಪೇಟೆಯ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಒಡೆದರೆ ಬೆಳಗಾಗುವುದರೊಳಗೆ ಗೊತ್ತಾಗುತ್ತದೆ, ನಮಗೆ ಗೊತ್ತಾಗುವುದು ತೂಕ ಹಾಕಿದ ದಿನ. ಹೆಚ್ಚು ಜನ ಸೇರುವ ಸಂಸ್ಥೆಗಳು 30 ದಿನದ ದೃಶ್ಯ ಉಳಿಸಿಕೊಳ್ಳಬೇಕೆಂದು ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಮನೆಗೆ ಆ ಕಟ್ಟಳೆ ಇಲ್ಲ, ಆದರೆ ಅಳತೆ ಒಳ್ಳೆಯದೇ.

ಇನ್ನು ಮುಖದ ವಿಷಯ. ಅಂಗಡಿಯವರು ‘2.8 ಎಂಎಂ ಲೆನ್ಸ್, ಇಡೀ ಅಂಗಳ ಕಾಣುತ್ತದೆ’ ಎನ್ನುತ್ತಾರೆ. ಅಂಗಳವೇನೋ ಕಾಣುತ್ತದೆ. ಆದರೆ ಗುರುತಿಲ್ಲದವನ ಮುಖ ಹಿಡಿಯಲು ಅವನು ನಿಂತಲ್ಲಿ ಒಂದು ಮೀಟರ್ ಅಗಲಕ್ಕೆ ಚಿತ್ರದಲ್ಲಿ 250 ಚುಕ್ಕಿಗಳಾದರೂ (ಪಿಕ್ಸೆಲ್) ಬೇಕು ಎಂಬುದು ಈ ಕಸುಬಿನಲ್ಲಿ ಒಪ್ಪಿದ ಲೆಕ್ಕ. 2 ಮೆಗಾಪಿಕ್ಸೆಲ್ ಚಿತ್ರದ ಅಡ್ಡಗಲಕ್ಕೆ ಇರುವುದು 1920 ಚುಕ್ಕಿ, ಅಂದರೆ ಸುಮಾರು ಏಳೂವರೆ ಮೀಟರ್ ಅಗಲಕ್ಕೆ ಸಾಕಾಗುವಷ್ಟು. 2.8 ಎಂಎಂ ಲೆನ್ಸ್ ಮೂರು ಮೀಟರ್ ದೂರದಲ್ಲೇ ಅಷ್ಟು ಅಗಲ ನೋಡುತ್ತದೆ. ಹಾಗಾಗಿ ಅದನ್ನು ದಾಟಿದ ಮೇಲೆ ಮುಖ ಬರೀ ಮಸುಕು. ಈಗ ನಾನು ಬೇಲಿಯ ಬಾಗಿಲಾದ ದಣಪೆಗೆ, ಕಡಿಮೆ ಅಗಲ ನೋಡಿ ಮುಖವನ್ನು ದೊಡ್ಡದಾಗಿ ಹಿಡಿಯುವ 6 ಎಂಎಂ ಲೆನ್ಸಿನ ಒಂದು ಕ್ಯಾಮೆರಾವನ್ನು ಎಂಟು ಅಡಿ ಎತ್ತರದಲ್ಲಿ ಹಾಕಿಸಿದ್ದೇನೆ. ಅಂಗಳಕ್ಕೆ ಬರಬೇಕಾದವನು ಅಲ್ಲಿಂದಲೇ ಬರಬೇಕು. ಬೆಳಕಿಗೆಂದು ದೀಪವನ್ನು ಬೇರೆ ಕಂಬಕ್ಕೆ ಕಟ್ಟಿಸಿ ಕ್ಯಾಮೆರಾದ ಒಳದೀಪ ಆರಿಸಿದೆವು. ಜೇಡವೂ ಆ ಕಂಬಕ್ಕೆ ವಲಸೆ ಹೋಯಿತು.

ಪಕ್ಕದ ಮನೆಯವರ ಬಚ್ಚಲಿನ ಬಾಗಿಲು ಹಳೆಯ ಕ್ಯಾಮೆರಾದ ಒಂದು ಮೂಲೆಯಲ್ಲಿ ಬೀಳುತ್ತಿತ್ತೆಂದು ತಿಳಿದಾಗ ನಾಚಿಕೆಯಾಯಿತು. ಅಷ್ಟು ಭಾಗವನ್ನು ಕಪ್ಪು ಮಾಡುವ ಸೌಲಭ್ಯ ಹೆಚ್ಚಿನ ಯಂತ್ರಗಳಲ್ಲಿದೆ. ನಮ್ಮದರಲ್ಲೂ ಇತ್ತು, ಯಾರೂ ಹೇಳಿರಲಿಲ್ಲ. ಜೋಡಿಸಿದ ಹುಡುಗ ಗುಪ್ತಪದವನ್ನೂ 12345 ಎಂದೇ ಬಿಟ್ಟು ಹೋಗಿದ್ದ. ಇಂಥ ಗುಪ್ತಪದಗಳ ಕ್ಯಾಮೆರಾಗಳನ್ನೇ ಹಿಡಿದು 2016ರಲ್ಲಿ ಮಿರೈ ಎಂಬ ಕುತಂತ್ರಾಂಶ ಜಗತ್ತಿನ ದೊಡ್ಡ ಜಾಲತಾಣಗಳನ್ನು ಮಲಗಿಸಿತ್ತು. 2025ರ ಏಪ್ರಿಲ್ 9ರಿಂದ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರ ಭದ್ರತಾ ಪರೀಕ್ಷೆಯನ್ನು ಕಡ್ಡಾಯ ಮಾಡಿದೆ. ಅದರ ಬಗ್ಗೆ ನಮ್ಮ ಕಡೆಯ ಒಂದು ಅಂಗಡಿಯಲ್ಲಿ ಕೇಳಿದೆ. ಮಾಲೀಕರು, ಕೆಲಸದ ಹುಡುಗ ಮುಖ ಮುಖ ನೋಡಿಕೊಂಡರು.

ಸಿಡಿಲಿನ ಬಗ್ಗೆ ಮಲೆನಾಡಿನವರಿಗೆ ಹೇಳಬೇಕಿಲ್ಲ. ಭೂಸಂಪರ್ಕ ಸರಿ ಇಲ್ಲದೆ ತಾಮ್ರದ ತಂತಿ ಅಂಗಳದುದ್ದಕ್ಕೆ ಎಳೆದರೆ ಮೇ ತಿಂಗಳಲ್ಲಿ ರೆಕಾರ್ಡರ್ ಜೊತೆ ಟಿವಿಯೂ ಹೋಗುತ್ತದೆ, ನಮ್ಮದು ಹೋಗಿದೆ.

ನನ್ನ ಕೋರಿಕೆ ಇಷ್ಟೇ. ಕೊಯ್ಲಿಗೆ ಮೊದಲು ಬೀಟ್ ಪೊಲೀಸರು ಮತ್ತು ಕೃಷಿ ಪತ್ತಿನ ಸಹಕಾರ ಸಂಘದವರು ಊರಿನಲ್ಲಿ ಒಂದು ಸಂಜೆ ಜನರನ್ನು ಕೂರಿಸಿ ಇದನ್ನೆಲ್ಲ ಹೇಳಲಿ. ಮಾರುವವರು ಬಿಲ್ಲಿನಲ್ಲಿ ‘ಇಷ್ಟು ಕ್ಯಾಮೆರಾಕ್ಕೆ ಇಷ್ಟು ದಿನದ ದಾಖಲೆ ಉಳಿಯುತ್ತದೆ’ ಎಂದು ಒಂದು ಸಾಲು ಬರೆಯಲಿ. ಹೊಸದನ್ನು ಕೊಳ್ಳುವಾಗ ನಾನು ಹಾಗೆಯೇ ಕೇಳಿದೆ. ಇಬ್ಬರು ನಕ್ಕರು, ಮೂರನೆಯ ಅಂಗಡಿಯವರು ಬರೆದುಕೊಟ್ಟರು.

— ಒಬ್ಬ ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು