ಷೇರುದಾರನಿಗೆ ಆಹ್ವಾನ, ನೆರೆಯವನಿಗೆ ತಗಡಿನ ಬೇಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಜಕ್ಕೂರಿನಲ್ಲಿ ನಮ್ಮ ಬೀದಿಯ ತುದಿಗೆ ಒಂದು ದೊಡ್ಡ ವಸತಿ ಸಮುಚ್ಚಯ ಏಳುತ್ತಿದೆ. ಕಟ್ಟುತ್ತಿರುವ ಕಂಪನಿ ಷೇರುಪೇಟೆಯಲ್ಲಿದೆ. ನಿವೃತ್ತಿಯಾದಾಗ ಬಂದ ಹಣದಲ್ಲಿ ಅದರ ಐವತ್ತು ಷೇರುಗಳನ್ನು ನಾನೂ ಕೊಂಡಿದ್ದೆ. ಹಾಗಾಗಿ ಕಂಪನಿಯ ವಾರ್ಷಿಕ ವರದಿ ನನ್ನ ಇ-ಮೇಲ್‌ಗೆ ಬರುತ್ತದೆ. 2024-25ರ ವರದಿಯಲ್ಲಿ ಸುಸ್ಥಿರತೆಯ ಭಾಗವನ್ನು ಪೂರ್ತಿ ಓದಿದ ಮೇಲೆ ಈ ಪತ್ರ ಬರೆಯದೆ ಇರಲಾಗಲಿಲ್ಲ.

ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನಗಳಲ್ಲಿರುವ ಕಂಪನಿಗಳು ತಮ್ಮ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ಬಗ್ಗೆ ವರದಿ ಕೊಡುವುದನ್ನು ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ಅದಕ್ಕೆ ಆಧಾರವಾಗಿರುವ ಒಂಬತ್ತು ತತ್ವಗಳಲ್ಲಿ ನಾಲ್ಕನೆಯದು ಭಾಗೀದಾರರ ಕುರಿತದ್ದು. ಕಂಪನಿಯ ಕೆಲಸ ಯಾರನ್ನೆಲ್ಲ ತಟ್ಟುತ್ತದೆಯೋ ಅವರೆಲ್ಲರ ಹಿತವನ್ನು ಗೌರವಿಸಬೇಕು, ಅವರಿಗೆ ಸ್ಪಂದಿಸಬೇಕು ಎನ್ನುತ್ತದೆ ಅದು. ಇದಕ್ಕಾಗಿ ಒಂದು ಕೋಷ್ಟಕವಿದೆ. ಭಾಗೀದಾರರು ಯಾರು, ಅವರು ದುರ್ಬಲ ವರ್ಗದವರೇ, ಅವರೊಡನೆ ಯಾವ ಮಾರ್ಗದಲ್ಲಿ, ಎಷ್ಟು ಸಲ, ಯಾವ ವಿಷಯಕ್ಕೆ ಮಾತನಾಡಿದಿರಿ ಎಂದು ಸಾಲು ಸಾಲಾಗಿ ತುಂಬಬೇಕು. ಒಳ್ಳೆಯ ವ್ಯವಸ್ಥೆ. ಇಂಥದ್ದೊಂದು ಬೇಕೇ ಬೇಕಿತ್ತು.

ಆ ಕೋಷ್ಟಕದಲ್ಲಿ ನಾನು ಎರಡು ಸಾಲುಗಳಲ್ಲಿದ್ದೇನೆ. ‘ಷೇರುದಾರರು’ ಎಂಬ ಸಾಲಿನಲ್ಲಿ ಮೂರು ತಿಂಗಳಿಗೊಮ್ಮೆ ಫಲಿತಾಂಶದ ವಿವರಣೆ, ವರ್ಷಕ್ಕೊಮ್ಮೆ ಸಭೆ, ಪ್ರಶ್ನೆ ಕೇಳಲು ಸಮಯ ಎಂದಿದೆ. ಇವೆಲ್ಲ ತಪ್ಪದೆ ನಡೆದಿವೆ. ‘ಸ್ಥಳೀಯ ಸಮುದಾಯ’ ಎಂಬ ಸಾಲಿನಲ್ಲಿ ಇರುವುದು ‘ಅಗತ್ಯಕ್ಕೆ ತಕ್ಕಂತೆ’ ಎಂಬ ಎರಡೇ ಪದ. ಅದೇ ವರದಿಯಲ್ಲಿ ಇನ್ನೊಂದು ಕಡೆ, ಸಮುದಾಯದಿಂದ ಬಂದ ದೂರುಗಳ ಸಂಖ್ಯೆಯನ್ನು ಸೊನ್ನೆ ಎಂದು ತೋರಿಸಲಾಗಿದೆ. 2024ರ ಏಪ್ರಿಲ್‌ನಲ್ಲಿ ಒಂದು, ನವೆಂಬರ್‌ನಲ್ಲಿ ಒಂದು, ಹೀಗೆ ಎರಡು ಪತ್ರಗಳನ್ನು ನಾನೇ ಅವರ ಗೇಟಿನಲ್ಲಿ ಕೊಟ್ಟಿದ್ದೇನೆ. ಕಾವಲುಗಾರ ಪುಸ್ತಕದಲ್ಲಿ ಬರೆದುಕೊಂಡು ಸಹಿ ಹಾಕಿಸಿಕೊಂಡಿದ್ದಾನೆ.

ಮೊದಲ ಪತ್ರ ಬಾವಿಯ ಕುರಿತಾಗಿತ್ತು. ಜಕ್ಕೂರು ಕೆರೆಗೆ ಸಂಸ್ಕರಿಸಿದ ನೀರು ಹರಿದು ಬರುವುದರಿಂದ ಸುತ್ತಲಿನ ತೆರೆದ ಬಾವಿಗಳಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ. ನಮ್ಮ ಪಕ್ಕದ ಮನೆಯ ಅಜ್ಜಿಯದು ಮೂವತ್ತೈದು ಅಡಿಯ ಕಲ್ಲುಕಟ್ಟಡದ ಬಾವಿ. ರಾಟೆಗೆ ಹಾಕಿದ ಹಗ್ಗ ಹಲವು ವರ್ಷಗಳಿಂದ ಅದೇ ಅಳತೆಯದು. 2024ರ ಮಾರ್ಚ್‌ನಲ್ಲಿ ನೆಲಮಾಳಿಗೆಗಾಗಿ ಮೂರಾಳು ಆಳಕ್ಕಿಂತ ಹೆಚ್ಚು ಅಗೆದರು. ಒಸರಿದ ನೀರನ್ನು ಹಗಲೂ ರಾತ್ರಿ ಪಂಪು ಹಚ್ಚಿ ಹೊರಹಾಕಿದರು. ಆರಿಂಚಿನ ಪೈಪಿನಿಂದ ಕೆಮ್ಮಣ್ಣಿನ ನೀರು ನೇರವಾಗಿ ರಾಜಕಾಲುವೆಗೆ ಬೀಳುತ್ತಿತ್ತು. ಇತ್ತ ಅಜ್ಜಿ ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಿದರು. ಹದಿನೈದು ದಿನ ಕಳೆದಾಗ ಬಿಂದಿಗೆಯಲ್ಲಿ ಮೇಲೆ ಬಂದದ್ದು ಕೆಸರು. ಅದೇ ತಿಂಗಳು ನಗರದಲ್ಲಿ ನೀರಿಗೆ ಎಂಥ ಬರ ಬಂದಿತ್ತೆಂದರೆ, ಕುಡಿಯುವ ನೀರನ್ನು ಕಟ್ಟಡ ಕಾಮಗಾರಿಗೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ನಮ್ಮ ಬೀದಿಯಲ್ಲಿ ನೆಲದ ನೀರು ಚರಂಡಿಯ ಪಾಲಾಗುತ್ತಿತ್ತು.

ಪತ್ರಕ್ಕೆ ಉತ್ತರ ಬರಲಿಲ್ಲ. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಗೇಟಿನ ಬಳಿ ಸಿಕ್ಕ ಸೈಟ್ ಎಂಜಿನಿಯರ್ ಒಬ್ಬರಿಗೆ ನಾನೇ ವಿಷಯ ಹೇಳಿದೆ. ದಾವಣಗೆರೆ ಕಡೆಯ ಯುವಕ. “ನಡೀರಿ ಸರ್, ನೋಡೋಣ” ಎಂದು ಆಗಲೇ ಹೊರಟು ಬಂದರು. ಅಳತೆ ಟೇಪಿಗೆ ಕಲ್ಲು ಕಟ್ಟಿ ಬಾವಿಗೆ ಇಳಿಬಿಟ್ಟು ನೀರಿನ ಮಟ್ಟ ಬರೆದುಕೊಂಡರು. ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದರು. ವಾರದೊಳಗೆ ಒಂದು ಗುಂಡಿ ತೋಡಿಸಿ, ಪಂಪಿನ ನೀರು ಅಲ್ಲಿ ತಿಳಿಯಾದ ಮೇಲೆ ನಮ್ಮ ಉದ್ಯಾನದ ಇಂಗುಗುಂಡಿಗಳಿಗೆ ಹೋಗುವಂತೆ ಮಾಡಿದರು. ಉಳಿದದ್ದನ್ನು ಕಾಂಕ್ರೀಟ್ ಕ್ಯೂರಿಂಗ್‌ಗೆ ಬಳಸಿಕೊಂಡರು. ಜೆಲ್ಲಿ, ಎಂ-ಸ್ಯಾಂಡ್ ಹೊತ್ತ ಟಿಪ್ಪರ್‌ಗಳು ಶಾಲೆಯ ಹೊತ್ತಿನಲ್ಲಿ ಬೀದಿಗೆ ಬರುವುದೂ ನಿಂತಿತು. ನೆಲಮಾಳಿಗೆಯ ತಡೆಗೋಡೆ ಮುಗಿದು ಮಳೆಗಾಲ ಹಿಡಿದ ಮೇಲೆ ಬಾವಿಗೆ ನೀರು ಮರಳಿತು. ಅಜ್ಜಿ ಎರಡನೆಯ ಹಗ್ಗವನ್ನು ಬಿಚ್ಚಿಟ್ಟರು. ನಾಲ್ಕನೆಯ ತತ್ವದಲ್ಲಿ ಬರೆದಿರುವುದು ಇದನ್ನೇ ಎಂದು ನನ್ನ ಭಾವನೆ. ಅಕ್ಟೋಬರ್‌ನಲ್ಲಿ ಆ ಯುವಕನಿಗೆ ಬೇರೆ ಕಡೆಗೆ ವರ್ಗವಾಯಿತು. ಮರುವಾರವೇ ಬೆಳಿಗ್ಗೆ ಎಂಟು ಗಂಟೆಗೆ ಟಿಪ್ಪರ್‌ಗಳ ಸಾಲು ಮತ್ತೆ ಕಾಣಿಸಿಕೊಂಡಿತು. ನನ್ನ ಎರಡನೆಯ ಪತ್ರ ಅದರ ಬಗ್ಗೆ. ಆ ಎಂಜಿನಿಯರ್ ಬಾವಿಯ ಬಳಿಗೆ ಬಂದದ್ದು ವರದಿಯ ಯಾವ ಪುಟದಲ್ಲೂ ಇಲ್ಲ.

ನಮ್ಮ ಸಾಲಿಗಿಂತ ಬರಿದಾಗಿರುವುದು ಕಾರ್ಮಿಕರ ಸಾಲು. ತಗಡಿನ ಶೆಡ್ಡುಗಳಲ್ಲಿರುವ ರಾಯಚೂರು, ಯಾದಗಿರಿ, ಬಂಗಾಳ, ಒಡಿಶಾದ ಜನರೊಡನೆ ಸಂಪರ್ಕ ‘ಗುತ್ತಿಗೆದಾರರ ಮೂಲಕ’ ಎಂದಿದೆ. ಕೂಲಿಯ ದೂರನ್ನು ಕೂಲಿ ಕೊಡುವವನ ಮೂಲಕವೇ ಹೇಳಬೇಕೆಂದರೆ ಯಾರು ಹೇಳುತ್ತಾರೆ? ಐವತ್ತಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೊಠಡಿ ಇರಬೇಕೆಂದು ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಲ್ಲೇ ಬರೆದಿತ್ತು. ಇಲ್ಲಿ ಜೆಲ್ಲಿ ರಾಶಿಯ ನೆರಳಿನಲ್ಲಿ ಕೂಸನ್ನು ಮಲಗಿಸಿ ಬಾಣಲಿ ಹೊರುವ ತಾಯಂದಿರನ್ನು ನನ್ನ ಮಹಡಿಯಿಂದ ದಿನವೂ ಕಾಣುತ್ತೇನೆ.

ಈ ಕೋಷ್ಟಕಕ್ಕೆ ನಾನು ಇಷ್ಟು ಬೆಲೆ ಕೊಡಲು ಕಾರಣವಿದೆ. 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳಿಗೆ ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿ ಬೇಕು. ಆದರೆ ಗಣಿ, ಕಾರ್ಖಾನೆಗಳಿಗೆ ನಡೆಯುವಂಥ ಸಾರ್ವಜನಿಕ ಅಹವಾಲು ಸಭೆಯಿಂದ ಕಟ್ಟಡ ಯೋಜನೆಗಳಿಗೆ ಅದೇ ಅಧಿಸೂಚನೆ ವಿನಾಯಿತಿ ಕೊಟ್ಟಿದೆ. ಪಾಯ ತೋಡುವ ಮುನ್ನ ನೆರೆಹೊರೆಯವರನ್ನು ಕೂರಿಸಿ ಕೇಳಬೇಕೆಂಬ ಕಟ್ಟಳೆಯಿಲ್ಲ. ಕಂಪನಿ ತಾನಾಗಿಯೇ ಬಂದು ಮಾತನಾಡದಿದ್ದರೆ ನಮ್ಮ ಮಾತಿಗೆ ಜಾಗವೇ ಇಲ್ಲ.

ಆದ್ದರಿಂದ ನಗರದ ಎಲ್ಲ ನಿರ್ಮಾಣ ಕಂಪನಿಗಳನ್ನು ಕೇಳಿಕೊಳ್ಳುತ್ತೇನೆ: ಅಗೆಯುವುದಕ್ಕೆ ಮೊದಲೇ ಬನ್ನಿ, ಸುತ್ತಲಿನ ಬಾವಿ, ಕೊಳವೆಬಾವಿಗಳ ನೀರಿನ ಮಟ್ಟವನ್ನು ನಮ್ಮೆದುರಿಗೇ ಅಳೆದು ಬರೆದಿಡಿ. ನೀವು ಪ್ರತಿ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸರ್ಕಾರಕ್ಕೆ ಸಲ್ಲಿಸಬೇಕಾದ, ಪರಿಸರ ಅನುಮತಿಯ ಷರತ್ತುಗಳ ಅನುಪಾಲನಾ ವರದಿಯ ಸಾರಾಂಶವನ್ನು ಕನ್ನಡದಲ್ಲಿ ಗೇಟಿನ ಮೇಲೆ ಅಂಟಿಸಿ. ಸಮುದಾಯ ಸಭೆ, ಸೂಚನಾ ಫಲಕ, ಕರಪತ್ರ ಎಂಬ ಮಾರ್ಗಗಳ ಹೆಸರು ಸೆಬಿಯ ನಮೂನೆಯಲ್ಲೇ ಇದೆ. ತಿಂಗಳಿಗೊಮ್ಮೆ ಒಂದು ಗಂಟೆ, ತೀರ್ಮಾನ ತೆಗೆದುಕೊಳ್ಳುವ ಅಧಿಕಾರವಿರುವ ಒಬ್ಬರನ್ನು ಕನ್ನಡ ಬಲ್ಲವರೊಡನೆ ಗೇಟಿಗೆ ಕಳುಹಿಸಿ. ಕಾರ್ಮಿಕರೊಡನೆ ಮಾತನಾಡುವಾಗ ಗುತ್ತಿಗೆದಾರ ಅಲ್ಲಿರಬಾರದು, ಭಾಷೆ ಅವರದಾಗಿರಬೇಕು. ಎಂಜಿನಿಯರ್ ಬದಲಾದರೆ ಹಿಂದಿನವರು ಒಪ್ಪಿಕೊಂಡದ್ದು ಹೊಸಬರ ಕೈಗೆ ಬರಹದಲ್ಲಿ ಸೇರಬೇಕು.

ಕಂಪನಿಯ ಮುಂದಿನ ವಾರ್ಷಿಕ ಸಭೆಯಲ್ಲಿ ಮಾತನಾಡಲು ಷೇರುದಾರನಾಗಿ ಹೆಸರು ಕೊಡಲಿದ್ದೇನೆ. ಗೇಟಿನ ಪುಸ್ತಕದಲ್ಲಿ ದಾಖಲಾಗಿರುವ ಎರಡು ಪತ್ರಗಳು ವರದಿಗೆ ಬರುವಷ್ಟರಲ್ಲಿ ಸೊನ್ನೆಯಾದದ್ದು ಹೇಗೆ ಎಂದು ಅಲ್ಲಿ ಕನ್ನಡದಲ್ಲೇ ಕೇಳುತ್ತೇನೆ.

ಇಂತಿ,
ಜಕ್ಕೂರಿನ ಓದುಗ, ಬೆಂಗಳೂರು