ದೋಸ್ತಗೊಂದು ಪತ್ರ: ಉಪ್ಪು ಕೊಟ್ಟು ತಂದ ರೈಲು

ದೋಸ್ತ,

ಆರಾಮ ಅದಿಯೇನು? ಮಳಿ ಹತ್ತಿದ ಕೂಡಲೇ ದೂಧಸಾಗರದ ಫೋಟೋ ಹಾಕೀದಿ. ಚಂದ ಅದಾವ. ಆದ್ರ ನೀರಿನ ಬಗ್ಗೆ ಅಷ್ಟು ಬರದಿ, ಅದರ ಮುಂದ ಹಾದು ಗೋವಾಕ್ಕ ಇಳಿಯೋ ರೈಲು ಹಳಿ ಬಗ್ಗೆ ಒಂದು ಮಾತಿಲ್ಲ. ಬೆಳಗಾವಿ ಮಂದಿ ನಾವ ಹೇಳದಿದ್ರ ಮತ್ಯಾರು ಹೇಳ್ಬೇಕು?

ಕ್ಯಾಸಲ್‌ರಾಕ್‌ (ಕರ್ನಾಟಕ-ಗೋವಾ ಗಡಿಯ ಸ್ಟೇಷನ್) ಕೆಳಗಿನ ಘಟ್ಟದ ಇಳಿಜಾರು 37ಕ್ಕ 1. 37 ಅಡಿ ಸರದ್ರ ಒಂದು ಅಡಿ ಇಳೀತೈತಿ. ನಡಿಯೋರಿಗೆ ಇದೇನೂ ಅಲ್ಲ. ತೊಯ್ದ ಉಕ್ಕಿನ ಹಳಿ ಮ್ಯಾಲ ಉಕ್ಕಿನ ಗಾಲಿಗೆ ಬಾಳ ಆತು. ಬಂದರದಿಂದ ಕಲ್ಲಿದ್ದಲು ಹೊತ್ತು ಏರೋ ಗಾಡಿಗೆ ಅದಕ್ಕ ಹಿಂದಿನಿಂದ ನೂಕೋ ಬ್ಯಾಂಕರ್ ಎಂಜಿನ್ ಹಚ್ತಾರ. ಎಲ್ಲಾ ಎಂಜಿನ್ ಮುಂದ ಹಚ್ಚಿದ್ರ ಪೂರಾ ಜಗ್ಗಾಟ ಮೊದಲಿನ ಕಪ್ಲಿಂಗ್ (ಡಬ್ಬಿ ಜೋಡಿಸೋ ಕೊಂಡಿ) ಮ್ಯಾಲ ಬೀಳ್ತೈತಿ. ಅದು ಹರದ್ರೂ ಹಿಂದಿನ ಎಂಜಿನ್ ಡಬ್ಬಿಗಳನ್ನ ತಡದು ಹಿಡೀತಾವ.

ಇಳಿಯೋದು ಇನ್ನೂ ನಾಜೂಕು. ಬ್ರೇಕ್ ಪೈಪಿನಾಗ ಚದರ ಸೆಂಟಿಮೀಟರಿಗೆ 5 ಕೆಜಿ ಒತ್ತಡದ ಗಾಳಿ ಇರ್ತೈತಿ. ಒತ್ತಡ ಇಳಿಸಿದ್ರ ಬ್ರೇಕ್ ಹಿಡೀತೈತಿ. ನಡುವ ಒಂದು ಡಬ್ಬಿಯ ಆಂಗಲ್ ಕಾಕ್ (ಬ್ರೇಕ್ ಪೈಪಿನ ತುದಿಯ ವಾಲ್ವ್) ಮುಚ್ಚಿ ಉಳಿದ್ರ, ಡ್ರೈವರ್ ಒತ್ತಡ ಇಳಿಸಿದ್ದು ಅದರ ಹಿಂದಿನ ಡಬ್ಬಿಗಳಿಗೆ ಮುಟ್ಟೂದ ಇಲ್ಲ. ಅದಕ್ಕ ಘಟ್ಟ ಇಳಿಯೋಕಿಂತ ಮೊದಲ, ಕಟ್ಟಕಡೀ ಡಬ್ಬಿಯ ಬ್ರೇಕ್ ಬ್ಲಾಕ್ ಗಾಲಿಗೆ ಒತ್ತಿ ಕುಂತೈತೋ ಇಲ್ಲೋ ಕಣ್ಣಿಲೆ ನೋಡ್ಬೇಕು. ಎಂಜಿನ್ನಿನ ಮೀಟರ್ ನೋಡಿ ನಂಬಿದ್ರ ನಡಿಯೂದಿಲ್ಲ.

ಇಲ್ಲೇ ಪತ್ರ ಮುಗಿಸೋದಿತ್ತು. ಆದ್ರ ಈ ಹಾದಿಯ ಹುಟ್ಟು ಓದಿದಾಗಿಂದ ಸಮಾಧಾನ ಇಲ್ಲ.

1878ರ ಡಿಸೆಂಬರ್ 26ಕ್ಕ ಬ್ರಿಟಿಷರು, ಪೋರ್ಚುಗೀಸರು ಒಪ್ಪಂದ ಮಾಡ್ಕೊಂಡ್ರು. ಗೋವಾಕ್ಕ ರೈಲು, ಮುರ್ಗಾಂವ್‌ಗೆ ಬಂದರ. ಬದಲಿಗೆ ಗೋವಾದ ಉಪ್ಪಿನ ಹತೋಟಿ ಬ್ರಿಟಿಷರ ಕೈಗೆ ಹೋತು, 12 ವರ್ಷಕ್ಕ. ಪೋರ್ಚುಗೀಸ್ ಸರ್ಕಾರಕ್ಕ ವರ್ಷಕ್ಕ 4 ಲಕ್ಷ ರೂಪಾಯಿ ಪರಿಹಾರ. ರೊಕ್ಕ ಸರ್ಕಾರಕ್ಕ ಮುಟ್ಟಿತು. ತಲಿತಲಾಂತರದಿಂದ ಆಗರದಾಗ ಉಪ್ಪು ಬೆಳದವರಿಗೆ?

ನಮ್ಮ ಕಡೆ ಹೋಟಗಿ-ಗದಗ ಹಾದಿ 1884ಕ್ಕ ಬಂತು, 1876-78ರ ಬರದ ಬೆನ್ನಿಗೆ. ಅದೂ ಮೀಟರ್ ಗೇಜ್ (ಎರಡು ಹಳಿ ನಡುವ ಒಂದು ಮೀಟರ್ ಅಂತರ), 1888ರಾಗ ಶುರುವಾದ ಈ ಘಟ್ಟದ್ದೂ ಮೀಟರ್ ಗೇಜ್. ಬಾಗಲಕೋಟಿ ಹತ್ತಿ ಡಬ್ಬಿ ಬದಲಿಸದ ಸಮುದ್ರ ಮುಟ್ಟೋ ಹಾದಿ ಅದು. ಇದನ್ನ ಎಷ್ಟು ಹೆಮ್ಮಿಲೆ ಹೇಳ್ಕೋತ ಬಂದೀನಿ! ನಮ್ಮ ಹತ್ತಿಗೆ ಬಾಗಲಾ ತೆಗಿಯಾಕ ಯಾರದೋ ಉಪ್ಪು ಹೋಗಿತ್ತು ಅನ್ನೋದು ಈಗ ಗಂಟಲದಾಗ ಸಿಕ್ಕೊಂಡೈತಿ. ನಿನಗಷ್ಟ ಹೇಳೋದಿತ್ತು, ಎಲ್ಲಾರ ಮುಂದ ಹೇಳಿಬಿಟ್ಟೆ.

ಇರಲಿ, ಕುಂದಾ ಕಟ್ಟಿಸಿ ಇಟ್ಟೀನಿ, ಲಗೂನ ಬಾ. 

ನಿನ್ನವ